ತವರು ಒಲ್ಲದ ವೈದ್ಯ

ರೋಗಕ್ಕೆ ಜಾತಿಯಿಲ್ಲವೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ರೋಗವನ್ನು ಗುಣಪಡಿಸುವವನಿಗೆ ಮಾತ್ರ ಜಾತಿಯುಂಟೆಂದು ಬಗೆದ ಕಾಲವೂ ಒಂದಿತ್ತು. ಆ ಕಾಲದ ಕಹಿಯನ್ನು ಉಂಡು, ತವರಿನಲ್ಲಿ ದೊರೆಯದ ಮನ್ನಣೆಯನ್ನು ಮೈಸೂರು ಸಂಸ್ಥಾನದಲ್ಲಿ ಪಡೆದು, ಬೆಂಗಳೂರಿನ ಅತ್ಯಂತ ದಾರುಣವಾದ ದಿನಗಳಲ್ಲಿ ಈ ಊರಿನ ಸೇವೆ ಮಾಡಿದವರು ಡಾಕ್ಟರ್ ಪದ್ಮನಾಭನ್ ಪಲ್ಪು. ಕೇರಳದಲ್ಲಿ ಅವರ ಹೆಸರನ್ನರಿಯದ ವಿದ್ಯಾವಂತರಿಲ್ಲ. ಅವರು ಬಾಳಿ ದುಡಿದ ಬೆಂಗಳೂರಿನಲ್ಲಿ ಆ ಹೆಸರನ್ನು ಬಲ್ಲವರು ವಿರಳ.

ಪಲ್ಪು ಅವರು 1863ರ ನವೆಂಬರ್ 2ರಂದು ತಿರುವನಂತಪುರದ ಪೇಟೆ ಎಂಬಲ್ಲಿ, ಈಳವ ಸಮಾಜದ ಮನೆತನವೊಂದರಲ್ಲಿ ಜನಿಸಿದರು. ಈಳವರೆಂದರೆ ತೆಂಗಿನ ಕೃಷಿ, ಹೆಂಡ ಇಳಿಸುವುದು, ನೇಯ್ಗೆ ಇವುಗಳಿಂದ ಜೀವಿಸುವವರೆಂದಷ್ಟೇ ಅಂದಿನ ದರ್ಬಾರು ತಿಳಿದಿತ್ತು. ಅದೇ ಸಮಾಜದಲ್ಲಿ ಸಂಸ್ಕೃತ ಬಲ್ಲ ವೈದ್ಯ ಮನೆತನಗಳು ತಲೆತಲಾಂತರದಿಂದ ಇದ್ದುವೆಂಬುದನ್ನು ಅದು ಮರೆತಂತಿತ್ತು. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಮಲಬಾರಿನ ಸಸ್ಯಗಳ ಮೇಲೆ ಪ್ರಕಟಿಸಿದ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಮಹಾಗ್ರಂಥಕ್ಕೆ ಮೂಲಿಕೆಗಳ ಗುಣವನ್ನು ತಿಳಿಸಿಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನೂ ಒಬ್ಬ. ಅಂಥ ಪರಂಪರೆಯ ಸಮಾಜದ ಹುಡುಗನೊಬ್ಬನು ವೈದ್ಯ ವಿದ್ಯೆಯನ್ನು ಬಯಸಿದ್ದು ಅತಿಯಾಸೆಯೇನೂ ಅಲ್ಲ.

ಪಲ್ಪು ತಿರುವಾಂಕೂರಿನ ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆದರೂ ಪ್ರವೇಶ ಸಿಕ್ಕಲಿಲ್ಲ. ಅವರು ಎದೆಗುಂದದೆ ಮದರಾಸಿಗೆ ಹೋಗಿ, ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಓದಿ ಎಲ್.ಎಂ.ಎಸ್. ಪದವಿಯನ್ನು ಗಳಿಸಿದರು. ಪದವಿ ಕೈಗೆ ಬಂದ ಮೇಲಾದರೂ ತವರಿನ ಸರ್ಕಾರ ಕರೆದೀತೆಂದು ನಂಬಿದ್ದರೆ ಅದೂ ಸುಳ್ಳಾಯಿತು. ಅವರ ಅಣ್ಣ ವೇಲಾಯುಧನ್ ಬಿ.ಎ. ಮುಗಿಸಿದಾಗಲೂ ಹೀಗೆಯೇ ಆಗಿತ್ತು. ಅವರು ಮದರಾಸು ಸರ್ಕಾರದ ನೌಕರಿಯನ್ನು ಆಶ್ರಯಿಸಬೇಕಾಯಿತು. ಒಂದೇ ಮನೆಯ ಇಬ್ಬರು ಮಕ್ಕಳು ಕಲಿತು ಮುಂದೆ ಬಂದರು. ಇಬ್ಬರಿಗೂ ಹುಟ್ಟಿದ ನೆಲವೇ ಬಾಗಿಲು ಮುಚ್ಚಿತು. ಹೆತ್ತವರ ಪಾಲಿಗೆ ಇದಕ್ಕಿಂತ ಕಠಿಣವಾದ ಸಂಕಟ ಮತ್ತಾವುದು?

ಮದರಾಸಿನಲ್ಲಿ ಸಿಡುಬಿನ ಲಸಿಕೆಗೆ ಸಂಬಂಧಿಸಿದ ಕೆಲಸದಲ್ಲಿ ಕೆಲಕಾಲ ದುಡಿದ ಬಳಿಕ ಪಲ್ಪು ಮೈಸೂರು ಸಂಸ್ಥಾನದ ವೈದ್ಯ ಇಲಾಖೆಯನ್ನು ಸೇರಿದರು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅವರೂ ಮಲೆಯಾಳ ದೇಶದಿಂದಲೇ, ಪಾಲಕ್ಕಾಡಿನ ಕಡೆಯಿಂದ ಬಂದವರೆಂಬುದು ವಿಶೇಷ. ಸಿಡುಬನ್ನು ‘ಅಮ್ಮ’ ಎಂದು ಕರೆದು ಬೇವಿನ ಸೊಪ್ಪಿಟ್ಟು ಪೂಜಿಸುತ್ತಿದ್ದ ಕಾಲವದು. ದಾಕು ಹಾಕುವವನು ಬಂದನೆಂದರೆ ಹಳ್ಳಿಯ ತಾಯಂದಿರು ಮಕ್ಕಳನ್ನು ಅಡಗಿಸುತ್ತಿದ್ದರು. ಅಂಥ ಜನರ ಭಯವನ್ನು ಕಳೆದು ಲಸಿಕೆಯನ್ನು ಮನೆಮನೆಗೆ ಮುಟ್ಟಿಸುವುದಕ್ಕೆ ಶಾಸ್ತ್ರಜ್ಞಾನವೊಂದೇ ಸಾಲದು, ತಾಳ್ಮೆಯೂ ಬೇಕು.

ತಾಳ್ಮೆಯ ನಿಜವಾದ ಪರೀಕ್ಷೆ ಬಂದದ್ದು 1898ರಲ್ಲಿ. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂದಿತು. ತುಮಕೂರಿನ ಮೇಲಿನಿಂದ ಯಶವಂತಪುರವನ್ನು ಹಾದು ಪೇಟೆಗೆ ಬರುತ್ತಿದ್ದ ಆ ದಾರಿ ಅದುವರೆಗೆ ಹತ್ತಿಯನ್ನೂ ಧಾನ್ಯವನ್ನೂ ತರುತ್ತಿತ್ತು. ಈಗ ಮೃತ್ಯುವನ್ನೂ ತಂದಿತು. ಮನೆಗಳಲ್ಲಿ ಇಲಿ ಬೀಳತೊಡಗಿದುವು. ಬಳಿಕ ಜ್ವರ, ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಕೆಲವೇ ದಿನಗಳಲ್ಲಿ ಮರಣ. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಲಸಿಕೆಯನ್ನೂ ಸಿದ್ಧಪಡಿಸಿದ್ದನು. ಇಲಿಯಿಂದ ಮನುಷ್ಯನಿಗೆ ರೋಗವನ್ನು ಸಾಗಿಸುವುದು ಚಿಗಟವೆಂದು ಸಿಮೊಂಡ್ ತೋರಿಸಿದ್ದು ಅದೇ 1898ರಲ್ಲಿ. ಅದನ್ನು ಲೋಕ ಒಪ್ಪುವುದಕ್ಕೆ ಇನ್ನೂ ಹಲವು ವರ್ಷ ಬೇಕಾಯಿತು. ಹೀಗಾಗಿ ಬೆಂಗಳೂರಿನ ವೈದ್ಯರು ಶತ್ರುವಿನ ಹೆಸರು ತಿಳಿದು, ಅವನು ಬರುವ ದಾರಿ ತಿಳಿಯದೆ ಕಾದಾಡಬೇಕಾಯಿತು.

ಪಲ್ಪು ಈ ಹೋರಾಟದಲ್ಲಿ ಪ್ಲೇಗಿನ ಕ್ಯಾಂಪಿನ ಅಧಿಕಾರಿಯಾಗಿ ದುಡಿದರು. ರೋಗಿಗಳನ್ನು ಊರ ಹೊರಗಿನ ಗುಡಿಸಲುಗಳಿಗೆ ಸಾಗಿಸಬೇಕು, ಸೋಂಕು ತಗಲಿದ ಮನೆಯವರನ್ನು ಬೇರೆಯಿಡಬೇಕು, ಮನೆಗಳನ್ನು ಶುದ್ಧಿಮಾಡಿಸಬೇಕು. ಇದಾವುದೂ ಜನಕ್ಕೆ ಹಿತವಾದ ಕೆಲಸವಲ್ಲ. ಹೆಂಡತಿಯನ್ನು ಗಂಡನಿಂದ, ಮಗುವನ್ನು ತಾಯಿಯಿಂದ ಅಗಲಿಸುವ ವೈದ್ಯನು ಯಮದೂತನಂತೆಯೇ ಕಾಣುತ್ತಾನೆ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಇಂಥ ಕ್ರಮಗಳ ವಿರುದ್ಧ ಅದೇ ವರ್ಷ ಗಲಭೆಯೇ ಎದ್ದಿತು. ಬೆಂಗಳೂರು ಪೇಟೆಯ ಇಕ್ಕಟ್ಟಾದ ಗಲ್ಲಿಗಳಿಂದ ಜನರನ್ನು ಹೊರತರಲೆಂದು ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಯಶವಂತಪುರದ ದಿಕ್ಕಿನಲ್ಲಿ ಮಲ್ಲೇಶ್ವರ, ಈ ಎರಡು ಬಡಾವಣೆಗಳು ಬೆಳೆದುವು. ಆ ಅಗಲವಾದ ರಸ್ತೆಗಳ ಹಿಂದೆ ಇಷ್ಟೊಂದು ಸಾವುಗಳ ನೆನಪಿದೆಯೆಂಬುದು ಅಲ್ಲಿ ಸಂಜೆಯ ಗಾಳಿ ಸೇವಿಸುವವರಿಗೆ ಹೊಳೆಯುವುದು ಅಪರೂಪ.

ಜಾತಿಯ ಕಾರಣದಿಂದ ತವರಿನಲ್ಲಿ ರೋಗಿಯ ನಾಡಿ ಹಿಡಿಯುವ ಅಧಿಕಾರವನ್ನು ಪಡೆಯದಿದ್ದ ಕೈಗಳು ಇಲ್ಲಿ ಎಲ್ಲ ಜಾತಿಯವರ ಗಡ್ಡೆಗಳನ್ನೂ ಮುಟ್ಟಿದುವು. ಹೆಣಗಳ ನಡುವೆ ನಿಂತವನನ್ನು ಯಾರೂ ಕುಲ ಕೇಳಲಾರರು.

ಈ ವೈದ್ಯರ ಸಂಸಾರವೂ ಸಾಮಾನ್ಯವಾದುದಾಗಿರಲಿಲ್ಲ. ಪತ್ನಿ ಭಗವತಿ ಅಮ್ಮನವರು ನಡೆಸುತ್ತಿದ್ದ ಆ ಮನೆಗೆ 1895ರಲ್ಲಿ ಶ್ರೀ ನಾರಾಯಣ ಗುರುಗಳು ಯುವಕನೊಬ್ಬನನ್ನು ಕಳುಹಿಸಿಕೊಟ್ಟರು. ಪಲ್ಪು ಅವನನ್ನು ಮನೆಯಲ್ಲಿಯೇ ಇರಿಸಿಕೊಂಡು, ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದಲು ಏರ್ಪಾಡು ಮಾಡಿದರು. ಮೂರು ವರ್ಷಗಳ ಬಳಿಕ ಪ್ಲೇಗು ಬಂದುದರಿಂದ ಆ ವಿದ್ಯಾರ್ಥಿ ಓದನ್ನು ನಡುವಿನಲ್ಲಿಯೇ ಬಿಟ್ಟು ಊರು ತೊರೆಯಬೇಕಾಯಿತು. ಅವನೇ ಮುಂದೆ ಮಲೆಯಾಳದ ಮಹಾಕವಿಯೆನಿಸಿದ ಕುಮಾರನ್ ಆಶಾನ್. ಅದೇ 1895ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಮಗ ನಟರಾಜನ್ ತಂದೆಯ ವೃತ್ತಿಯನ್ನು ಹಿಡಿಯಲಿಲ್ಲ. ಭೂಗರ್ಭಶಾಸ್ತ್ರವನ್ನು ಓದಿ, ಪ್ಯಾರಿಸಿನ ಸೋರ್ಬೋನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರೂ, ನಾರಾಯಣ ಗುರುಗಳ ಶಿಷ್ಯನಾಗಿ ಸಂನ್ಯಾಸದ ದಾರಿಯನ್ನೇ ಆರಿಸಿಕೊಂಡರು. 1923ರಲ್ಲಿ ನೀಲಗಿರಿಯಲ್ಲಿ ನಾರಾಯಣ ಗುರುಕುಲವನ್ನು ಸ್ಥಾಪಿಸಿದ ನಟರಾಜ ಗುರು ಅವರೇ. ತಂದೆ ದೇಹದ ವ್ಯಾಧಿಗೆ ಮದ್ದು ಹುಡುಕಿದರೆ, ಮಗ ಭವದ ವ್ಯಾಧಿಗೆ ಹುಡುಕಿದರೆನ್ನಬಹುದು.

ಮೈಸೂರಿನಲ್ಲಿ ಸಂಬಳ, ಗೌರವ ಎರಡೂ ದೊರೆತ ಮೇಲೆ ತವರಿನ ಅವಮಾನವನ್ನು ಮರೆತು ಸುಖವಾಗಿರುವುದು ಸುಲಭವಾಗಿತ್ತು. ಪಲ್ಪು ಮರೆಯಲಿಲ್ಲ. 1891ರಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಲ್ಲಿಸಿದ ಮಲೆಯಾಳಿ ಮನವಿಯಲ್ಲಿ ಮೂರನೆಯ ರುಜು ಅವರದು. ಈಳವರು ತಮ್ಮ ಕುಲಕಸುಬಿನಲ್ಲಿಯೇ ತೃಪ್ತರಾಗಿದ್ದಾರೆಂಬ ಅರ್ಥದ ಉತ್ತರ ಬಂದಿತು. ಸ್ವತಃ ವೈದ್ಯನಾದ ಈಳವನಿಗೆ ಆ ಉತ್ತರ ಎಂತಹ ಬರೆಯಾಗಿರಬೇಕು! 1896ರ ಸೆಪ್ಟೆಂಬರಿನಲ್ಲಿ 13,176 ಜನರ ರುಜುಗಳೊಡನೆ ಈಳವ ಮನವಿಯನ್ನು ಅವರೇ ಮುಂದೆ ನಿಂತು ಒಪ್ಪಿಸಿದರು. ಅದೂ ಫಲಿಸಲಿಲ್ಲ. ಸ್ವಾಮಿ ವಿವೇಕಾನಂದರು ಮೈಸೂರು ಸೀಮೆಗೆ ಬಂದಿದ್ದಾಗ ಪಲ್ಪು ಅವರನ್ನು ಕಂಡರೆಂದೂ, ಆಧ್ಯಾತ್ಮಿಕ ಪುರುಷನೊಬ್ಬನ ಸುತ್ತ ಜನವನ್ನು ಸಂಘಟಿಸಬೇಕೆಂದು ಸ್ವಾಮಿಗಳು ಸಲಹೆಯಿತ್ತರೆಂದೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ, ಆಶಾನರ ಕಾರ್ಯದರ್ಶಿತ್ವದಲ್ಲಿ, 1903ರ ಮೇ 15ರಂದು ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗ ಹುಟ್ಟಿದಾಗ ಆ ಸಲಹೆ ಸಾರ್ಥಕವಾಯಿತು. ಯೂರೋಪಿಗೆ ಹೋಗಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದಿದ್ದ ವೈದ್ಯರಿಗೆ ಒಂದು ಸತ್ಯ ಗೊತ್ತಿತ್ತು: ಒಬ್ಬ ರೋಗಿಗೆ ಔಷಧ ಕೊಟ್ಟರೆ ಸಾಲದು, ಊರ ನೀರನ್ನೇ ಶುದ್ಧಿಮಾಡಬೇಕು.

ಆ ಶುದ್ಧಿಯನ್ನು ಅವರು ಬದುಕಿರುವಾಗಲೇ ಒಂದಿಷ್ಟು ಕಂಡರು. 1936ರಲ್ಲಿ ತಿರುವಾಂಕೂರಿನ ಮಹಾರಾಜರು ದೇವಾಲಯಗಳ ಬಾಗಿಲನ್ನು ಎಲ್ಲ ಹಿಂದೂಗಳಿಗೂ ತೆರೆದರು. ಪಲ್ಪು 1950ರ ಜನವರಿ 25ರಂದು ಕಾಲವಾದರು. ಮರುದಿನ ಭಾರತದ ಸಂವಿಧಾನ ಜಾರಿಗೆ ಬಂದಿತು. ಜಾತಿಯ ಕಾರಣದಿಂದ ಯಾವ ಪ್ರಜೆಗೂ ಸರ್ಕಾರದ ನೌಕರಿಯನ್ನು ನಿರಾಕರಿಸತಕ್ಕದ್ದಲ್ಲವೆಂದು ಅದರ ಹದಿನಾರನೆಯ ಅನುಚ್ಛೇದ ಸಾರುತ್ತದೆ. ಆರು ದಶಕಗಳ ಹಿಂದೆ ಮದರಾಸಿನಿಂದ ಪದವಿ ಹಿಡಿದು ಬಂದ ತರುಣ ವೈದ್ಯನು ಬೇಡಿದ್ದೂ ಅಷ್ಟನ್ನೇ.