ಹಳೇ ಕವರ್ ಕಥೆ – 4: ನಾನು ನೀರಿಗೆ ಹಾಕಿದ ಊರು

ಇವತ್ತು ನನ್ನ ತಪ್ಪಿನ ಕಥೆ. ಅಮೆರಿಕದ ಅಂತರ್ಯುದ್ಧದ ಕಾಲದ ಒಂದು ಕವರ್ ಸಿಕ್ಕಿತ್ತು. ಮೇಲೆ 1861ರ ಮೂರು ಸೆಂಟಿನ ಗುಲಾಬಿ ಸ್ಟಾಂಪು, ಅದರಲ್ಲಿ ಜಾರ್ಜ್ ವಾಷಿಂಗ್ಟನ್ ಮುಖ. ಚೆನ್ನಾಗಿದೆ ಅಂತ ನೀರಲ್ಲಿ ನೆನೆಸಿ ಸ್ಟಾಂಪು ಬಿಡಿಸಿಕೊಂಡೆ. ಕವರ್ ಕಸದ ಬುಟ್ಟಿಗೆ ಹೋಯ್ತು.

ಆಮೇಲೆ ಗೊತ್ತಾಯ್ತು. ಆಗ ಎಷ್ಟೋ ಅಂಚೆ ಕಚೇರಿಗಳಲ್ಲಿ ಸ್ಟಾಂಪಿನ ಮೇಲೆ ಬರೀ ಒಂದು ಕಪ್ಪು ಗುರುತು ಒತ್ತೋರು, ಬಾಟಲಿಯ ಕಾರ್ಕ್ ಬಿರಡೆ ಕೆತ್ತಿ ಮಾಡಿದ್ದು. ಅದೇ ಸ್ಟಾಂಪನ್ನ ಇನ್ನೊಮ್ಮೆ ಅಂಟಿಸಬಾರದು ಅಂತ. ಊರು, ತಾರೀಖು ಇರೋ ಮುದ್ರೆ ಪಕ್ಕದಲ್ಲಿ, ಕವರ್ ಮೇಲೆ!

ಈಗ ನನ್ನ ಆಲ್ಬಮ್‌ನಲ್ಲಿ ಊರಿಲ್ಲದ ವಾಷಿಂಗ್ಟನ್ ಕೂತಿದ್ದಾನೆ. ಆ ಕಾಗದ ಎಲ್ಲಿಂದ ಹೊರಟಿತ್ತು, ಯಾರ ಕೈ ಸೇರಿತ್ತು? ಎರಡೂ ಕಣ್ಣೆದುರೇ ಇತ್ತು, ನಾನು ಓದಲಿಲ್ಲ.

ನಿಮಗೆ ಹಳೇ ಕವರ್ ಸಿಕ್ರೆ ಕತ್ತರಿ, ನೀರು ಎರಡೂ ದೂರ ಇಡಿ. ಮೊದಲು ಓದಿ.