ಡಿಕ್ಕಿಯಲ್ಲಿ ಡ್ರಮ್ ಹಿಡಿಸುವ ಕಾರು

ಮೆಲ್ಬರ್ನ್‌ನಿಂದ ಮೂರನೇ ಸಲ ಮೆಸೇಜು ಬಂದಿದೆ. "ಕಾರು ಮಾರ್ತೀರಾ?" ಈ ಸಲ ರೇಟು ಇನ್ನೂ ಸ್ವಲ್ಪ ಏರಿಸಿದ್ದಾರೆ. ಹೆಂಡತಿ ಓದಿ ಫೋನ್ ವಾಪಸ್ ಕೊಟ್ಟಳು. "ರೀ, ಮನೆ ಡೌನ್‌ಪೇಮೆಂಟಿಗೆ ಆಗುತ್ತಲ್ರೀ" ಅಂದಳು ಅಷ್ಟೇ. ಬೈದಿದ್ದರೆ ಉತ್ತರ ಕೊಡೋದು ಸುಲಭವಿತ್ತು.

ನಾವಿರೋದು ನ್ಯೂಜಿಲೆಂಡಿನ ವೆಲ್ಲಿಂಗ್ಟನ್ ಹತ್ತಿರ, ಲೋವರ್ ಹಟ್‌ನಲ್ಲಿ. ಕಾರು ಲೇಲ್ಯಾಂಡ್ ಪಿ76. ಹೆಸರು ಕೇಳಿಲ್ಲವಾ? ಕೇಳಿದವರು ಕಡಿಮೆಯೇ. 1973ರಲ್ಲಿ ಆಸ್ಟ್ರೇಲಿಯದಲ್ಲಿ ಬಂತು. ಚಿತ್ರ ಬರೆದವನು ಇಟಲಿಯ ಮಿಕೆಲೋಟ್ಟಿ. ದೊಡ್ಡ ಮಾಡೆಲ್ಲಿಗೆ 4.4 ಲೀಟರಿನ ಅಲ್ಯೂಮಿನಿಯಂ ವಿ8 ಎಂಜಿನ್. ಡಿಕ್ಕಿಯಲ್ಲಿ 44 ಗ್ಯಾಲನ್ ಡ್ರಮ್, ಅಂದ್ರೆ ನಮ್ಮೂರಿನ ಡಾಂಬರು ಡ್ರಮ್, ಹಿಡಿಸುತ್ತೆ ಅಂತ ಕಂಪನಿಯೇ ಜಂಬ ಕೊಚ್ಚಿಕೊಂಡಿತ್ತು. ಬಣ್ಣಗಳಿಗೆ ಇಟ್ಟ ಹೆಸರು ನೋಡಿ: 'ಹೇರಿ ಲೈಮ್', 'ಪೀಲ್ ಮಿ ಎ ಗ್ರೇಪ್', 'ಓ ಫಡ್ಜ್'! ಆ ವರ್ಷ 'ವೀಲ್ಸ್' ಪತ್ರಿಕೆಯ ವರ್ಷದ ಕಾರು ಪ್ರಶಸ್ತಿಯೂ ಸಿಕ್ಕಿತು. ಆಮೇಲೆ ಪೆಟ್ರೋಲ್ ಬಿಕ್ಕಟ್ಟು, ಜೋಡಣೆಯ ದೋಷಗಳು, ಸಾಲದ ಹೊರೆ. 1974ರಲ್ಲಿ ಸಿಡ್ನಿಯ ಜೆಟ್‌ಲ್ಯಾಂಡ್ ಕಾರ್ಖಾನೆಗೇ ಬೀಗ ಬಿತ್ತು. ಇಂದಿಗೂ ಆಸ್ಟ್ರೇಲಿಯದಲ್ಲಿ ಅದರ ಹೆಸರೆತ್ತಿದರೆ ಜನ ನಗ್ತಾರೆ. ನನಗೆ ಸಿಟ್ಟು ಬರುತ್ತೆ.

ಬಿಡಿಭಾಗಗಳನ್ನು ಹಡಗಲ್ಲಿ ತರಿಸಿ ಇಲ್ಲಿನ ಪೆಟೋನೆಯಲ್ಲೂ ಈ ಕಾರು ಜೋಡಿಸುತ್ತಿದ್ದರು. ನಮ್ಮ ಪಕ್ಕದ ಮನೆ ಅಜ್ಜ ಆ ಕಾರ್ಖಾನೆಯಲ್ಲಿ ಫಿಟ್ಟರ್. ಕಿತ್ತಳೆ ಬಣ್ಣದ ಕಾರಿನ ಹೊದಿಕೆ ತೆಗೆದು ಪ್ರತಿ ಭಾನುವಾರ ಸ್ಟಾರ್ಟ್ ಮಾಡ್ತಿದ್ದರು. ಟಾರ್ಚ್ ಹಿಡಿಯೋಕೆ ನಾನು. ಉದ್ದನೆಯ ಸೀಟು, ಸ್ಟೀರಿಂಗ್ ಪಕ್ಕದ ಗೇರು, ಬಿಸಿಯಾದ ಎಣ್ಣೆ ವಾಸನೆ: ಮೊದಲ ದಿನವೇ ನನಗೆ ಹಾಸನದ ಟ್ಯಾಕ್ಸಿ ಸ್ಟ್ಯಾಂಡ್ ನೆನಪಾಗಿತ್ತು. ಅಪ್ಪ ಅಲ್ಲಿ ಇಪ್ಪತ್ತೆಂಟು ವರ್ಷ ಅಂಬಾಸಿಡರ್ ಓಡಿಸಿದವರು. ಅದೂ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ತಾನೇ? ಮಾರಿಸ್ ಮುಂದೆ ಸೇರಿಕೊಂಡಿದ್ದು ಇದೇ ಲೇಲ್ಯಾಂಡ್ ಮನೆತನಕ್ಕೆ. ಒಂಥರಾ ದಾಯಾದಿಗಳು.

2017ರಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಎರಡೇ ವಾರಕ್ಕೆ ಬೇಜಾರು. ಒಂದು ಭಾನುವಾರ ಕಾಂಪೌಂಡ್ ಆಚೆ ಎಂಜಿನ್ ಸದ್ದು ಕೇಳಿ, ಕಾಫಿ ಲೋಟ ಅಲ್ಲೇ ಇಟ್ಟು ಎದ್ದರು. "ಮಿಸ್ಸಿಂಗ್ ಹೊಡೀತಿದೆ ಕಣೋ. ಪಾಯಿಂಟ್ ನೋಡೋಕೆ ಹೇಳು ಯಜಮಾನ್ರಿಗೆ." ನಾನು ಅನುವಾದ ಮಾಡೋಷ್ಟರಲ್ಲಿ ಅವರೇ ಬಾನೆಟ್ ಕೆಳಗೆ ಬಗ್ಗಿಯಾಗಿತ್ತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಪಾಯಿಂಟ್ ಉಜ್ಜಿ, ಗ್ಯಾಪ್ ಅಳೆಯೋಕೆ ಜೇಬಿಂದ ಬೋರ್ಡಿಂಗ್ ಪಾಸ್ ತೆಗೆದು ಎರಡಾಗಿ ಮಡಿಸಿದರು. ಅಜ್ಜನ ಹತ್ತಿರ ಫೀಲರ್ ಗೇಜ್ ಇತ್ತು, ಕೊಡಲಿಲ್ಲ. ಸುಮ್ಮನೆ ನೋಡ್ತಾ ನಿಂತಿದ್ದರು. ಕೀಲಿ ತಿರುಗಿಸಿದರೆ, ಎಂಟೂ ಸಿಲಿಂಡರ್ ಒಂದೇ ಉಸಿರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸಂಜೆವರೆಗೂ ಗ್ಯಾರೇಜಿನಲ್ಲೇ ಇದ್ದರು.

2021ರಲ್ಲಿ ಅಪ್ಪ ಹೋದರು, ಕೊರೊನಾದಲ್ಲಿ. ನಾನು ಹೊರಟರೆ ಯಾವಾಗ ವಾಪಸ್ ಬರ್ತೀನೋ ಗೊತ್ತಿಲ್ಲದ ಕಾಲ. ಮಗಳಿಗೆ ಆಗ ಮೂರು ತಿಂಗಳು. ಹೋಗಲಿಲ್ಲ. ವಿಡಿಯೋ ಕಾಲ್‌ನಲ್ಲಿ ನೋಡಿದೆ, ಅದನ್ನು ನೋಡೋದು ಅಂತಾರಾ? ಆ ರಾತ್ರಿ ಅಜ್ಜ ಬಾಗಿಲು ತಟ್ಟಿ ಏನೂ ಹೇಳದೆ ಕಾರಿನ ಕೀಲಿ ಕೊಟ್ಟರು. ಲಾಕ್‌ಡೌನ್ ಇಲ್ಲದ ಊರಲ್ಲಿ, ಪೆಟೋನೆ ಕಡಲ ದಂಡೆಯಲ್ಲಿ, ಗಾಜು ಏರಿಸಿಕೊಂಡು ಒಬ್ಬನೇ ಅತ್ತೆ.

ಮರುವರ್ಷ ಅಜ್ಜ ವೃದ್ಧಾಶ್ರಮ ಸೇರುವಾಗ ಕಾರು ನನಗೇ ಕೊಟ್ಟರು, ನಾಚಿಕೆಯಾಗುವಷ್ಟು ಕಡಿಮೆ ದುಡ್ಡಿಗೆ. ಆಗಿನಿಂದ ನಾನು ಸುರಿದ ದುಡ್ಡು ನಾಚಿಕೆಯಾಗುವಷ್ಟು ಹೆಚ್ಚು. ಬಾಗಿಲಿನ ಒಂದು ರಬ್ಬರ್ ಬೀಡಿಂಗಿಗೆ ಆರು ತಿಂಗಳು ಕಾದಿದ್ದೇನೆ. ಪೆಟ್ರೋಲಿನ ಲೆಕ್ಕ ಹೆಂಡತಿಗೆ ತೋರಿಸಲ್ಲ.

ಮೆಸೇಜು ಬಂದ ಮಾರನೇ ದಿನ ಕಾರು ತಗೊಂಡು ಅಜ್ಜನನ್ನು ನೋಡೋಕೆ ಹೋದೆ. ಈಗ ಅವರಿಗೆ ಮರೆವು. ನನ್ನ ಹೆಸರು ಹೇಳಲು ತಡಕಾಡ್ತಾರೆ. ನರ್ಸ್ ಜೊತೆ ಮೆಲ್ಲಗೆ ಹೊರಗೆ ಬಂದು ಮುಂದಿನ ಸೀಟಿನಲ್ಲಿ ಕೂತರು. ಎಂಜಿನ್ ಆನ್ ಮಾಡಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಪಾಯಿಂಟ್ ಸೆಟ್ ಮಾಡಿದ್ದು ಯಾರು, ನಿಮ್ಮಪ್ಪನಾ?"

ಹೋದ ತಿಂಗಳು ನಾನೇ ಮಾಡಿದ್ದೆ, ಮುಂದಿನ ಡ್ರಾಯರಿನಲ್ಲಿ ಎತ್ತಿಟ್ಟಿರುವ ಅದೇ ಬೋರ್ಡಿಂಗ್ ಪಾಸ್ ಮಡಿಸಿ. "ಹೌದು" ಅಂದೆ.

ಬರುವಾಗ ದಾರಿಯಲ್ಲಿ ವಾರಂಟ್ ಆಫ್ ಫಿಟ್ನೆಸ್‌ಗೆ, ಅದೇ ನಮ್ಮ ಎಫ್.ಸಿ. ಥರದ್ದು, ಗುರುವಾರಕ್ಕೆ ಟೈಮ್ ತಗೊಂಡೆ. ಮೆಲ್ಬರ್ನ್‌ನವರಿಗೆ ಇನ್ನೂ ಉತ್ತರ ಬರೆದಿಲ್ಲ. ಹೆಂಡತಿ ಕೇಳಿಲ್ಲ. ಮಗಳು ಮಾತ್ರ ಹಿಂದಿನ ಸೀಟಿನಲ್ಲಿ ಬಿಸ್ಕತ್ ಪುಡಿ ಚೆಲ್ಲಿದ್ದಾಳೆ, ಅದನ್ನು ಗುಡಿಸಬೇಕು.