ಬಿಸಿಲು ಕಾಯುವ ಪುಸ್ತಕಗಳು

ಮಳೆಗಾಲ ಮುಗಿದು, ಅಂಗಳದ ಪಾಚಿ ಒಣಗಿ ಕಪ್ಪಾಗಿ ಸಿಪ್ಪೆಯೇಳುವ ಹೊತ್ತಿಗೆ, ಅಡಿಕೆ ಕೊಯ್ಲು ಇನ್ನೂ ಶುರುವಾಗುವ ಮುಂಚೆ, ನಮ್ಮ ಮನೆಯಲ್ಲಿ ಪುಸ್ತಕಗಳನ್ನು ಹೊರಗೆ ತರುವ ಒಂದು ದಿನ ಇದೆ. ಪಂಚಾಂಗದಲ್ಲಿ ಇಲ್ಲದ ಹಬ್ಬ ಅದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಮನೆಯೊಳಗಿನ ಗಾಳಿಯೇ ಒದ್ದೆ. ಕಪಾಟಿನ ಬಾಗಿಲು ಉಬ್ಬಿಕೊಂಡು ಎಳೆದರೂ ಬರುವುದಿಲ್ಲ. ಬಂದರೆ, ಒಳಗೆ ರಟ್ಟುಗಳ ಮೇಲೆಲ್ಲ ಬೂದಿ ಎರಚಿದ ಹಾಗೆ ಬೂಷ್ಟು. ಬೈಂಡಿಂಗಿಗೆ ಹಚ್ಚಿದ ಮೈದಾ ಅಂಟಿನ ರುಚಿ ಹತ್ತಿದ, ಬೆಳ್ಳಿ ಬಣ್ಣದ, ಬಾಲ ಚೂಪಾದ ಹುಳುಗಳು ಬೆಳಕು ಬಿದ್ದೊಡನೆ ಸರ್ರನೆ ಸರಿದು ಮಾಯವಾಗುತ್ತವೆ. ಹೋದ ವರ್ಷ ಪುಟಗಳ ನಡುವೆ ಇಟ್ಟ ಲಕ್ಕಿ ಸೊಪ್ಪು ಮುಟ್ಟಿದರೆ ಪುಡಿಯಾಗುತ್ತದೆ, ಅದರ ಕಟುವಾದ ವಾಸನೆ ಮಾತ್ರ ಹಾಗೇ ಉಳಿದಿರುತ್ತದೆ.

ಮೊದಲೆಲ್ಲ ಅಮ್ಮ ಪುಸ್ತಕಗಳನ್ನು ಹಪ್ಪಳದ ಹಾಗೆ ರಣಬಿಸಿಲಿಗೇ ಹರವುತ್ತಿದ್ದಳು. ಅದು ತಪ್ಪೆಂದು ನನಗೆ ತಿಳಿದದ್ದು ಒಂದು ವಿಜ್ಞಾನದ ಪುಸ್ತಕದಿಂದಲೇ. ಅಗ್ಗದ ಕಾಗದದಲ್ಲಿ ಮರದ ತಿರುಳಿನ ಜೊತೆ ಲಿಗ್ನಿನ್ ಎಂಬ ವಸ್ತುವೂ ಉಳಿದುಬಿಟ್ಟಿರುತ್ತದೆ. ಬೆಳಕೂ ಗಾಳಿಯೂ ತಾಗಿದಷ್ಟು ಅದು ಹಳದಿಯಾಗುತ್ತ ಹೋಗುತ್ತದೆ. ಹಳೆಯ ಪುಸ್ತಕದ ವಾಸನೆಯಲ್ಲೂ ಹೀಗೆ ಒಡೆದ ಲಿಗ್ನಿನ್ನಿನ ಪಾಲಿದೆ. ಹಾಗಾಗಿ ಈಗ ಚಪ್ಪರದ ನೆರಳಲ್ಲಿ ಗಾಳಿಯಾಡುವಂತೆ ಚಾಪೆ ಹಾಸಿ, ಪುಸ್ತಕಗಳನ್ನು ಅರೆತೆರೆದು ನಿಲ್ಲಿಸುತ್ತೇನೆ. ದೂರದಿಂದ ನೋಡಿದರೆ ಅಂಗಳದ ತುಂಬ ಸಣ್ಣ ಸಣ್ಣ ಸೂರುಗಳ ಕೇರಿಯೊಂದು ಎದ್ದ ಹಾಗೆ ಕಾಣುತ್ತದೆ.

ಆ ಒಂದು ದಿನ ಕಪಾಟಿನ ಮೇಲಂತಸ್ತು ಕೆಳಂತಸ್ತು ಎಂಬುದು ಇರುವುದಿಲ್ಲ. ಮೇಲೆ ಗಾಜಿನೊಳಗೆ ಇರುವ ದೊಡ್ಡವರ ಪುಸ್ತಕಗಳೂ ಕೆಳಗೆ ಹಳೆಯ ಪತ್ರಿಕೆಗಳ ಹಿಂದೆ ಅಡಗಿರುವ ಭಯಾನಕ ಕಾದಂಬರಿಗಳೂ ಒಂದೇ ಚಾಪೆಗೆ ಬರುತ್ತವೆ. ಹಿಂದೊಮ್ಮೆ ಹಾಗೆ ಹರವುವಾಗ ಇಬ್ಬರು ನರಸಿಂಹಯ್ಯಂದಿರು ಅಕ್ಕಪಕ್ಕ ಬಂದು ಕೂತಿದ್ದರು. ಒಬ್ಬರು ಎನ್. ನರಸಿಂಹಯ್ಯ. ನಾಲ್ಕನೆಯ ತರಗತಿಯಷ್ಟೇ ಓದಿ, ಪತ್ತೇದಾರ ಪುರುಷೋತ್ತಮನನ್ನು ಹುಟ್ಟಿಸಿ, ನೂರಾರು ಕಾದಂಬರಿ ಬರೆದು, ಕನ್ನಡ ನಾಡಿನ ಸಾವಿರಾರು ಮನೆಗಳಿಗೆ ಓದುವ ಚಟ ಹತ್ತಿಸಿದವರು. ಇನ್ನೊಬ್ಬರು ಎಚ್. ನರಸಿಂಹಯ್ಯ. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಬಂದ ಬಡವರ ಮನೆಯ ಹುಡುಗ, ಮುಂದೆ ಅಮೆರಿಕದ ಒಹಾಯೊದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಅವರ ಆತ್ಮಕತೆ ‘ಹೋರಾಟದ ಹಾದಿ’. ಒಬ್ಬರು ಗುಟ್ಟನ್ನು ಕೊನೆಯ ಪುಟದವರೆಗೆ ಕಾಪಾಡಿದವರು, ಇನ್ನೊಬ್ಬರು ಗುಟ್ಟು ಎಂದದ್ದನ್ನೆಲ್ಲ ಮೊದಲ ಪುಟದಲ್ಲೇ ಪ್ರಶ್ನಿಸಿದವರು. ನನ್ನನ್ನು ಬೆಳೆಸಿದ ಓದಿನಲ್ಲಿ ಇಬ್ಬರಿಗೂ ಪಾಲಿದೆ.

ಆದರೆ ಆ ಕಪಾಟಿನಲ್ಲಿ ನನ್ನನ್ನು ನಿಜಕ್ಕೂ ನಡುಗಿಸಿದ್ದು ‘ತುಳಸಿದಳ’. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ, ಕನ್ನಡಕ್ಕೆ ಬಂದು ಮನೆಮನೆಯಲ್ಲಿ ಓದಿಸಿಕೊಂಡು ಸಿನಿಮಾ ಕೂಡ ಆಯಿತು. ಶಿವಮೊಗ್ಗದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಅದನ್ನು ಫುಟ್‌ಪಾತಿನಲ್ಲಿ ಕೊಂಡು ತಂದಿದ್ದ. ಆಸ್ತಿಯ ಆಸೆಗೆ ಒಂದು ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕತೆ. ಅದರಲ್ಲಿ ಬರುವ ಕಾಷ್ಮೋರ ಎಂಬ ದುಷ್ಟಶಕ್ತಿಯ ಹೆಸರನ್ನು ಓದಿದ್ದೇ ತಡ, ನನಗೆ ಕತ್ತಲಾದ ಮೇಲೆ ಹಿತ್ತಿಲ ಬಚ್ಚಲಿಗೆ ಹೋಗುವುದು ಅಸಾಧ್ಯವಾಯಿತು. ನನಗಾಗ ಹನ್ನೆರಡು ವರ್ಷ. ಪುಸ್ತಕವನ್ನು ಮುಚ್ಚಿಟ್ಟರೂ ಅದು ಕಪಾಟಿನೊಳಗೆ ಎಚ್ಚರವಾಗಿಯೇ ಇದೆ ಅನ್ನಿಸುತ್ತಿತ್ತು.

ಅದೇ ವಾರ ನವರಾತ್ರಿ. ಮೂಲಾ ನಕ್ಷತ್ರದ ದಿನ ಸರಸ್ವತಿಯನ್ನು ಕೂರಿಸಲು ಅಮ್ಮ ಮಣೆಯ ಮೇಲೆ ಪುಸ್ತಕ ಜೋಡಿಸುತ್ತಿದ್ದಳು. ಗದುಗಿನ ಭಾರತ, ಜೈಮಿನಿ ಭಾರತ, ನಮ್ಮ ಶಾಲೆಯ ಪುಸ್ತಕಗಳು, ಅಪ್ಪನ ಲೆಕ್ಕದ ಪುಸ್ತಕ. ಅವಳು ಒಳಗೆ ಹೋದ ಹೊತ್ತು ನೋಡಿ ನಾನು ‘ತುಳಸಿದಳ’ವನ್ನು ಎಲ್ಲಕ್ಕಿಂತ ಅಡಿಗೆ, ಗದುಗಿನ ಭಾರತದ ಭಾರದ ಕೆಳಗೆ ತುರುಕಿದೆ. ಅಷ್ಟು ದೊಡ್ಡ ಪುಸ್ತಕ ಮೇಲೆ ಕೂತರೆ, ದೇವಿ ಬಂದು ಅದರ ಮೇಲೆ ಕೂತರೆ, ಕಾಷ್ಮೋರ ಏಳಲಾರದು ಎಂಬ ಲೆಕ್ಕ. ಪೂಜೆಯ ಪುಸ್ತಕಗಳನ್ನು ವಿಸರ್ಜನೆಯವರೆಗೆ ಯಾರೂ ಮುಟ್ಟುವಂತಿಲ್ಲ. ಆ ಮೂರು ರಾತ್ರಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ವಿಜಯದಶಮಿಯ ಬೆಳಿಗ್ಗೆ ಪುಸ್ತಕ ತೆಗೆಯುವಾಗ ಅಮ್ಮನಿಗೆ ಅದು ಸಿಕ್ಕಿತು. ರಟ್ಟಿನ ಮೇಲೆ ಕುಂಕುಮ ಬಿದ್ದಿತ್ತು. "ಇದೆಂಥದೇ ಇಲ್ಲಿ?" ಎಂದಳು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆಂದು ಕಾದಿದ್ದೆ. ಅವಳು ಕುಂಕುಮವನ್ನು ಸೆರಗಿನಲ್ಲಿ ಒರೆಸಿ, "ಕಾಗದದ ಮೇಲೆ ಅಕ್ಷರ ಇದ್ದ ಮೇಲೆ ಅದೂ ಸರಸ್ವತಿಯೇ ಅಲ್ವೇನೇ. ಪೂಜೆಗೆ ಇಟ್ಟಿದ್ದರಲ್ಲಿ ತಪ್ಪಿಲ್ಲ. ಹೆದರಿಕೆಗೆ ಇಟ್ಟೆಯಲ್ಲ, ಅದನ್ನ ಓದಿ ಮುಗಿಸಿಬಿಡು" ಎಂದಳು. ಓದಿ ಮುಗಿಸಿದೆ. ಆ ಕಾದಂಬರಿಯಲ್ಲಿ ಮಾಂತ್ರಿಕರು ಒಂದು ಕಡೆ, ವೈದ್ಯರೂ ಮನಶ್ಶಾಸ್ತ್ರ ಬಲ್ಲವರೂ ಇನ್ನೊಂದು ಕಡೆ, ಒಂದೇ ಮಗುವಿನ ಪ್ರಾಣಕ್ಕಾಗಿ ಹೆಣಗುತ್ತಾರೆ ಎಂಬುದು ಅರ್ಧಕ್ಕೇ ಬಿಟ್ಟಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಕತ್ತಲ ಭಯ ಮಾತ್ರ ಅಷ್ಟಕ್ಕೇ ಹೋಗಲಿಲ್ಲ. ಎರಡು ಮಳೆಗಾಲದ ನಂತರ, ಆಷಾಢದ ಒಂದು ಸಂಜೆ, ಮನೆಗೆ ಬಾರದ ಹಸುವನ್ನು ಹುಡುಕುತ್ತ ಚಿಕ್ಕಪ್ಪನೂ ನಾನೂ ಬೆಟ್ಟದ ದಾರಿ ಹಿಡಿದಿದ್ದೆವು. ಕತ್ತಲಾಯಿತು. ಬ್ಯಾಟರಿಯ ಸೆಲ್ಲು ಸತ್ತು ಹೋಯಿತು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತಿದ್ದ ಹಾಗೆ ದಾರಿಯ ಪಕ್ಕದ ಒಂದು ಕೊರಡು ಬೆಳಗುತ್ತಿರುವುದು ಕಂಡಿತು. ಬೆಂಕಿಯ ಕೆಂಪಲ್ಲ, ಮಿಂಚುಹುಳದ ಹಾಗೆ ಹತ್ತಿ ಆರುವುದೂ ಅಲ್ಲ. ಒಂದೇ ಸಮನೆ ನಿಂತ ಮಂದವಾದ ಹಸಿರು. ಕೊರಡಿನ ಸೀಳುಗಳೆಲ್ಲ ಯಾರೋ ಬೆಳಕಿನಲ್ಲಿ ಗೆರೆ ಎಳೆದ ಹಾಗೆ ಬಿಡಿಬಿಡಿಯಾಗಿ ಕಾಣುತ್ತಿದ್ದವು. ನಾನು ಚಿಕ್ಕಪ್ಪನ ಅಂಗಿ ಹಿಡಿದುಕೊಂಡೆ. ಅವನು ಬಗ್ಗಿ ಒಂದು ಚಕ್ಕೆ ಮುರಿದು ನನ್ನ ಅಂಗೈಯಲ್ಲಿಟ್ಟ. ತಣ್ಣಗಿತ್ತು, ಒದ್ದೆಯಾಗಿತ್ತು, ಮಣ್ಣಿನ ವಾಸನೆ ಬರುತ್ತಿತ್ತು. ಅದರ ಬೆಳಕಿನಲ್ಲಿ ನನ್ನ ಬೆರಳಿನ ಅಂಚು ಕಾಣುತ್ತಿತ್ತು.

ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಬರೀ ಲಡ್ಡು ಹಿಡಿದ ಕಟ್ಟಿಗೆ ಚೂರು. ಎರಡು ದಿನಕ್ಕೆ ಒಣಗಿತು, ಬೆಳಕೂ ಆರಿತು. ಅದು ಏನೆಂದು ಪುಸ್ತಕದಲ್ಲಿ ಸಿಕ್ಕಿದ್ದು ಬಹಳ ಆಮೇಲೆ. ಕೊಳೆವ ಮರದೊಳಗೆ ಹರಡುವ ಕೆಲವು ಅಣಬೆಗಳ ನೂಲಿನಂಥ ಬೇರುಗಳಲ್ಲಿ ಲೂಸಿಫೆರಿನ್ ಎಂಬ ಪದಾರ್ಥ ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಕೂಡುವಾಗ ಬಿಸಿಯಿಲ್ಲದ ಬೆಳಕು ಹೊಮ್ಮುತ್ತದೆ. ತೇವ ಇರುವ ತನಕ ಮಾತ್ರ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮಳೆಗಾಲದಲ್ಲಿ ಇದು ಕಾಣಸಿಗುತ್ತದೆ. ಬ್ರೆಜಿಲಿನ ಅಂಥದೇ ಒಂದು ಅಣಬೆಯ ಮೇಲೆ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆ ಅಣಬೆಗೆ ತನ್ನದೇ ಒಳಗಡಿಯಾರ ಇದೆ. ರಾತ್ರಿಯಾದಂತೆ ಬೆಳಕನ್ನು ಏರಿಸಿ ಹುಳುಗಳನ್ನು ಕರೆಯುತ್ತದೆ. ಹುಳುಗಳು ಅದರ ಬೀಜಕಣಗಳನ್ನು ಹೊತ್ತೊಯ್ಯುತ್ತಿರಬಹುದು.

ವಿವರಣೆ ತಿಳಿದರೆ ಬೆರಗು ಹೋಗುತ್ತದೆ ಎನ್ನುವವರಿದ್ದಾರೆ. ನನ್ನ ಅನುಭವ ಹಾಗಿಲ್ಲ. ದೆವ್ವ ಎಂದುಕೊಂಡಾಗ ನಾನು ಆ ಕೊರಡಿನ ಕಡೆ ಬೆನ್ನು ಹಾಕಿ ಓಡಬೇಕೆಂದಿದ್ದೆ. ಅಣಬೆಯೊಂದು ಕತ್ತಲಲ್ಲಿ ಹುಳುಗಳಿಗೆ ಕಾಯುತ್ತಿದೆ ಎಂದು ತಿಳಿದ ಮೇಲೆ ಪ್ರತಿ ಆಷಾಢದಲ್ಲೂ ಬ್ಯಾಟರಿ ಆರಿಸಿಕೊಂಡು ಅದನ್ನು ಹುಡುಕಿಕೊಂಡು ಹೋಗುತ್ತೇನೆ. ತೇಜಸ್ವಿಯವರ ‘ಕರ್ವಾಲೊ’ 1980ರಿಂದ ಕನ್ನಡಿಗರನ್ನು ಹಿಡಿದಿಟ್ಟಿರುವುದು ಇದೇ ಬೆರಗಿನಿಂದ ಎಂದು ನನ್ನ ನಂಬಿಕೆ. ಆ ಕಾದಂಬರಿಯವರು ಹುಡುಕುವ ಹಾರುವ ಓತಿ ನಮ್ಮ ಅಡಿಕೆ ಮರಗಳಲ್ಲೇ ಇತ್ತು. ಗಂಟಲ ಕೆಳಗಿನ ಹಳದಿ ಚೀಲ ಬಿಚ್ಚಿ ಮುಚ್ಚಿ, ಪಕ್ಕೆಲುಬುಗಳ ಮೇಲಿನ ತೊಗಲನ್ನು ಕೊಡೆಯಂತೆ ಅರಳಿಸಿ ಮರದಿಂದ ಮರಕ್ಕೆ ತೇಲುತ್ತಿತ್ತು. ಆದರೂ ನಾನು ತಲೆಯೆತ್ತಿ ನೋಡಿದ್ದು ಆ ಪುಸ್ತಕ ಓದಿದ ಮೇಲೆಯೇ. ಅದೇ ಚಾಪೆಯ ಮೇಲೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ, ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳಿವೆ. ಕಾರಂತರ ಆ ಸಂಪುಟಗಳನ್ನು ಎರಡೂ ಕೈಯಲ್ಲಿ ಎತ್ತಬೇಕು.

ಇವುಗಳ ಪಕ್ಕ ಒಂದು ಇಂಗ್ಲಿಷ್ ಪುಸ್ತಕ, ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. ಅದನ್ನು ಯಾವ ಗುಂಪಿಗೆ ಸೇರಿಸಬೇಕೆಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ಸುಂಬಾವಾ ದ್ವೀಪದ ತಂಬೋರಾ ಪರ್ವತ ಸಿಡಿಯಿತು. ಅದು ಉಗುಳಿದ ಗಂಧಕದ ಅನಿಲ ಮೇಲಿನ ವಾಯುಮಂಡಲದಲ್ಲಿ ಹನಿಗಳ ಪರದೆಯಾಗಿ ಸೂರ್ಯನ ಬಿಸಿಲನ್ನು ತಡೆಯಿತು. ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಗಿ ಜನ ಹಸಿದರು. 1816ರ ಆ ಜೂನ್‌ನಲ್ಲಿ ಜಿನೀವಾ ಸರೋವರದ ದಡದ ಮನೆಯೊಂದರಲ್ಲಿ ಮಳೆಗೆ ಸಿಕ್ಕಿಬಿದ್ದ ಗೆಳೆಯರು ದೆವ್ವದ ಕತೆಗಳನ್ನು ಓದುತ್ತ ಕೂತರು. ನಾವೂ ಒಬ್ಬೊಬ್ಬರು ಒಂದೊಂದು ಬರೆಯೋಣ ಎಂದ ಕವಿ ಬೈರನ್. ಹದಿನೆಂಟು ವರ್ಷದ ಮೇರಿ, ಜೀವಕ್ಕೂ ವಿದ್ಯುತ್ತಿಗೂ ಇರುವ ನಂಟಿನ ಬಗ್ಗೆ ಉಳಿದವರು ಆಡುತ್ತಿದ್ದ ಮಾತುಗಳನ್ನು ಕೇಳಿಸಿಕೊಂಡು ಮಲಗಿದ ರಾತ್ರಿ ಅವಳಿಗೆ ಆ ಕತೆ ಕಂಡಿತು. 1818ರಲ್ಲಿ ಪುಸ್ತಕ ಬಂದಾಗ ಅದರ ಮೇಲೆ ಅವಳ ಹೆಸರಿರಲಿಲ್ಲ. ಕತೆ ಹುಟ್ಟಿದ ಬಗೆಯನ್ನು ಅವಳು ನೆನಪಿಸಿಕೊಂಡು ಬರೆದದ್ದು 1831ರ ಮುನ್ನುಡಿಯಲ್ಲಿ.

ಭಯದ ಕತೆ, ವಿಜ್ಞಾನ, ನೆನಪು, ಮೂರೂ ಒಂದೇ ರಟ್ಟಿನೊಳಗೆ. ಹೊರಗೆ ಮಳೆ ಹಿಡಿದರೆ ಒಳಗೆ ದೆವ್ವ ಬರುತ್ತದೆ ಎಂಬುದು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲಸಿನ ಬೀಜ ಸುಟ್ಟುಕೊಂಡು ಒಲೆಯ ಮುಂದೆ ಕೂತವರಿಗೆಲ್ಲ ಅದು ಗೊತ್ತು. ಎಲ್ಲೋ ಸಿಡಿದ ಬೆಟ್ಟ ಇನ್ನೆಲ್ಲೋ ಒಬ್ಬ ಹುಡುಗಿಯ ಕೈಗೆ ಲೇಖನಿ ಕೊಟ್ಟಿತಲ್ಲ ಎಂದು ನೆನೆದರೆ ಮಾತ್ರ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಷ್ಟೆಲ್ಲ ಓದಿದ ಮೇಲೂ ಸ್ಮಶಾನದ ಭಯ ನನ್ನಲ್ಲಿ ಉಳಿದಿತ್ತು. ಅದನ್ನು ಬಿಡಿಸಿದ್ದು ಸಿದ್ದಲಿಂಗಯ್ಯನವರ ಆತ್ಮಕತೆ ‘ಊರುಕೇರಿ’. ತುಂಬ ತೆಳ್ಳನೆಯ ಪುಸ್ತಕ. ಶುರುವಿನಲ್ಲೇ ಬರುವ ಚಿತ್ರ ಇದು: ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ, ಹಿಂದಿನಿಂದ ಒಬ್ಬ ನೇಗಿಲು ಹಿಡಿದು ಹೊಲ ಉಳುತ್ತಿದ್ದಾನೆ. ಹಾಗೆ ಎತ್ತಿನ ಜಾಗದಲ್ಲಿ ನಡೆಯುತ್ತಿದ್ದವರಲ್ಲಿ ಒಬ್ಬರು ಅದನ್ನು ನೋಡುತ್ತಿದ್ದ ಹುಡುಗ ಸಿದ್ದಲಿಂಗಯ್ಯನ ತಂದೆ. ಬರೆದವರು ಅಲ್ಲಿ ದನಿ ಏರಿಸುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ ಮುಂದೆ ಹೋಗುತ್ತಾರೆ. ಓದುವವರು ಮುಂದೆ ಹೋಗಲಾರರು. ನಾನು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ. ಕಾಷ್ಮೋರ ನನ್ನನ್ನು ಹೆದರಿಸಿದ್ದು ಬಚ್ಚಲಿನ ದಾರಿಯಲ್ಲಿ. ಈ ಪುಟ ನನ್ನನ್ನು ನಡುಗಿಸಿದ್ದು ನಮ್ಮದೇ ಗದ್ದೆಯ ಅಂಚಿನಲ್ಲಿ, ಹಾಡಹಗಲಲ್ಲಿ. ನೊಗ ಕಟ್ಟಿದವನೂ ಮನುಷ್ಯ, ಕಟ್ಟಿಸಿಕೊಂಡವನೂ ಮನುಷ್ಯ. ಇದನ್ನು ಮಂತ್ರ ಹಾಕಿ ಓಡಿಸುವಂತಿಲ್ಲ, ಗದುಗಿನ ಭಾರತದ ಅಡಿಗೆ ತುರುಕಿ ನಿದ್ದೆ ಮಾಡುವಂತೆಯೂ ಇಲ್ಲ.

ಅದೇ ಪುಸ್ತಕದಲ್ಲಿ ಮುಂದೆ, ಬೆಂಗಳೂರಿಗೆ ಬಂದ ಆ ಹುಡುಗನಿಗೆ ಸ್ಮಶಾನವೇ ಕೂತು ಓದುವ ಜಾಗವಾಗುತ್ತದೆ. ನಾನು ಯಾವ ಜಾಗವನ್ನು ಕಾದಂಬರಿಗಳಿಂದ ಕಲಿತು ಹೆದರಿದ್ದೆನೋ, ಅಲ್ಲಿ ಒಬ್ಬ ಹುಡುಗ ಪುಸ್ತಕ ಬಿಡಿಸಿಕೊಂಡು ನೆಮ್ಮದಿ ಕಂಡಿದ್ದ. ಜಾತಿ ಕೇಳುವವರು, ದೂರ ನಿಲ್ಲು ಎನ್ನುವವರು ಅಲ್ಲಿ ಇರಲಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಇಂಥ ಭಯಗಳನ್ನು ವಾದದಿಂದ ಬಿಡಿಸಲು ಹೊರಟವರೂ ಇದ್ದಾರೆ: ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ, ಮೂಢನಂಬಿಕೆಗಳನ್ನು ಪರೀಕ್ಷೆ ಮಾಡಲು ಸಮಿತಿಯನ್ನೇ ಕಟ್ಟಿದರು. ಅವರ ಧೈರ್ಯದ ಮೇಲೆ ನನಗೆ ಅಪಾರ ಗೌರವ. ಆದರೂ ಸಮಾಧಿಗಳ ನಡುವೆ ಕೂತು ಓದುತ್ತಿದ್ದ ಹುಡುಗನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡದ್ದು ನನ್ನೊಳಗಿನ ದೆವ್ವಗಳನ್ನು ಓಡಿಸಿದಷ್ಟು ಯಾವ ವಾದವೂ ಓಡಿಸಲಿಲ್ಲ.

ಈ ವರ್ಷ ಪುಸ್ತಕ ಹರವುವಾಗ ತಮ್ಮನ ಮಗಳು ಬಂದಿದ್ದಳು. ಹದಿಮೂರು ವರ್ಷ. ಒಣಬಟ್ಟೆಯಲ್ಲಿ ಬೂಷ್ಟು ಒರೆಸುತ್ತ, ಪ್ರತಿ ಪುಸ್ತಕವನ್ನೂ ಮೂಗಿಗೆ ಹಿಡಿದು ನೋಡುತ್ತಿದ್ದಳು. "ಅತ್ತೆ, ಇದರ ಮೇಲೆ ಎಂಥ ಕೆಂಪು?" ಎಂದು ‘ತುಳಸಿದಳ’ವನ್ನು ತೋರಿಸಿದಳು. ಕುಂಕುಮದ ಕತೆ ಹೇಳಿದೆ. ಹೇಳುತ್ತ ಹೇಳುತ್ತ ಬೆಳಗುವ ಕೊರಡಿಗೂ ಅಲ್ಲಿಂದ ಸ್ಮಶಾನದಲ್ಲಿ ಓದಿದ ಹುಡುಗನಿಗೂ ಮಾತು ಹೋಯಿತು.

ಮೂರು ಗಂಟೆಗೆ ಮೂಡಲಲ್ಲಿ ಗುಡುಗಿತು. ಹಿಂಗಾರಿನ ಮೋಡ ಹೇಳದೆ ಕೇಳದೆ ಬರುತ್ತದೆ. ಅಮ್ಮ ಈ ವಯಸ್ಸಿನಲ್ಲೂ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. ಕೈಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಎದೆಗವಚಿಕೊಂಡು ಮೂವರೂ ಒಳಗೆ ಸಾಗಿಸಿದೆವು. ಜೋಡಿಸುವುದಕ್ಕೆ ಪುರುಸೊತ್ತು ಇರಲಿಲ್ಲ. ಕೊನೆಯ ಚಾಪೆ ಸುತ್ತುವ ಹೊತ್ತಿಗೆ ದಪ್ಪ ಹನಿ ಬಿತ್ತು. ನರಸಿಂಹಯ್ಯಂದಿರ ನಡುವೆ ಮೇರಿ ಶೆಲ್ಲಿ, ಕಾರಂತರ ಮೇಲೆ ಪುರುಷೋತ್ತಮ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ.

ರಾತ್ರಿ ಊಟವಾದ ಮೇಲೆ ಹುಡುಗಿ ಕಪಾಟಿನ ಮುಂದೆ ನಿಂತಿದ್ದಳು. "ಅತ್ತೆ, ಸ್ಮಶಾನದಲ್ಲಿ ಓದ್ತಿದ್ದರಲ್ಲ, ಅವರು ಹಗಲು ಓದ್ತಿದ್ದದ್ದಾ, ರಾತ್ರಿಯಾ?"

"ಅದರಲ್ಲೇ ಇದೆ, ನೋಡು" ಎಂದೆ.

ಹನ್ನೊಂದು ಗಂಟೆಗೆ ನೀರು ಕುಡಿಯಲು ಎದ್ದಾಗ ಅವಳ ಕೋಣೆಯ ಬಾಗಿಲ ಸಂದಿಯಲ್ಲಿ ಇನ್ನೂ ದೀಪ ಕಾಣುತ್ತಿತ್ತು.